ಹಿಲ್ಲಿಯೆ ಸ್ಟೇಷನ್‌ನಲ್ಲಿ ಇಳಿಸಿದ್ದು: ನಮ್ಮ ಕ್ಲಾಸ್ ಟ್ರಿಪ್‌ನ ಮೊದಲ ಬೆಳಗಿನ ಪ್ರಕರಣ

ನಾನು ಕೋಪನ್‌ಹೇಗನ್‌ನಲ್ಲಿ ಮಾಸ್ಟರ್ಸ್ ಓದ್ತಿದ್ದಾಗ ನಡೆದಿದ್ದು ಇದು, ಒಟ್ಟು ನಾಲ್ಕು ಗಂಟೆಯ ವಿಷಯ ಅಷ್ಟೆ, ಆದ್ರೂ ಪೂರ್ತಿ ಬಿಡಿಸಿ ಬರೀಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ಊರ ಕಡೆಯಿಂದ ಹೊಸದಾಗಿ ಡೆನ್ಮಾರ್ಕ್‌ಗೋ ಸ್ವೀಡನ್‌ಗೋ ಓದೋಕೆ ಬರೋ ಹುಡುಗರು ಈಗ್ಲೂ ಫೋನ್ ಮಾಡಿ ಇದನ್ನೇ ಕೇಳ್ತಾರೆ, "ಅಕ್ಕಾ, ಷೆಂಗೆನ್ ಒಳಗೆ ಓಡಾಡೋಕೆ ರೆಸಿಡೆನ್ಸ್ ಕಾರ್ಡ್ ಇದ್ರೆ ಸಾಕಲ್ವಾ?" (ಷೆಂಗೆನ್ ಅಂದ್ರೆ ತಮ್ಮ ತಮ್ಮ ಮಧ್ಯೆ ಗಡಿ ತಪಾಸಣೆ ತೆಗೆದು ಹಾಕೋಕೆ ಒಪ್ಪಿರೋ ಯುರೋಪಿನ ದೇಶಗಳ ಗುಂಪು.) ಸಾಕಾಗಲ್ಲ. ಯಾಕೆ ಸಾಕಾಗಲ್ಲ, ಸಾಕು ಅಂತ ಇಷ್ಟು ಜನಕ್ಕೆ ಯಾಕೆ ಅನ್ಸುತ್ತೆ, ಅವತ್ತು ನಾನೇ ಎಲ್ಲಿ ತಪ್ಪಿದೆ, ಇದನ್ನ ಹೇಳೋಕೆ ಹೊರಟಿದೀನಿ. ರೈಲಿಂದ ಇಳಿಸಿದ್ದು ನನ್ನ ಕ್ಲಾಸ್‌ಮೇಟ್‌ನ, ಹುಬ್ಬಳ್ಳಿ ಕಡೆ ಹುಡುಗ, ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನನ್ನ ಕೇಳಿಯೇ ಬರೀತಿದೀನಿ, ಹೆಸರು ಮಾತ್ರ ಬೇಡ ಅಂದ.

2023ರ ಅಕ್ಟೋಬರ್, ಅಲ್ಲಿಯವರ ಲೆಕ್ಕದಲ್ಲಿ ವಾರ 41. ಡೆನ್ಮಾರ್ಕ್‌ನಲ್ಲಿ ತಾರೀಖು ಹೇಳೋದು ಕಡಿಮೆ, ಪರೀಕ್ಷೆ, ಮೀಟಿಂಗ್, ರಜೆ ಎಲ್ಲ ವಾರದ ನಂಬರ್‌ನಲ್ಲೇ, ವಾರ 42 ಅಂದ್ರೆ ಶಾಲೆಗಳಿಗೆಲ್ಲ ಶರತ್ಕಾಲದ ರಜೆ, ಅದಕ್ಕೆ ಮೊದಲಿನ ವಾರ ನಮ್ಮ ಟ್ರಿಪ್. ಕೋರ್ಸ್ ಇದ್ದಿದ್ದು ಊರೊಳಗಿನ ಮಳೆನೀರಿನ ಮೇಲೆ. ಕೋಪನ್‌ಹೇಗನ್‌ಗೆ 2011ರ ಜುಲೈ 2ರಂದು ಎರಡು ಮೂರು ಗಂಟೆಲೇ 100 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿದು ರಸ್ತೆ, ನೆಲಮಾಳಿಗೆ ಎಲ್ಲ ಮುಳುಗಿದ್ವು, ಮಾರನೇ ವರ್ಷವೇ ನಗರಸಭೆ ಮೇಘಸ್ಫೋಟ ನಿಭಾಯಿಸೋ ಪ್ಲಾನ್ ಮಾಡ್ತು, ಪಾರ್ಕು ಚೌಕಗಳನ್ನೇ ನೀರು ತುಂಬಿಕೊಳ್ಳೋ ಹಂಗೆ ಕೆತ್ತಿದ್ರು. ಅದನ್ನ ಊರಲ್ಲೇ ನೋಡಿ ಆಗಿತ್ತು, ಈಗ ಪಕ್ಕದ ದೇಶದವರು ಏನು ಮಾಡಿದಾರೆ ನೋಡೋಣ ಅಂತ ಹೊರಟಿದ್ದು: ಮೊದಲ ದಿನ ಸ್ವೀಡನ್ನಿನ ಮಾಲ್ಮೊ, ಸಂಜೆ ರೈಲಲ್ಲಿ ಸ್ಟಾಕ್‌ಹೋಮ್, ಅಲ್ಲಿಂದ ಓಸ್ಲೊ, ಓಸ್ಲೊದಿಂದ ರಾತ್ರಿ ಹಡಗಲ್ಲಿ ವಾಪಸ್.

ಹುಡುಗರು 22 ಜನ, ಮೇಷ್ಟ್ರು ಇಬ್ಬರು. 22ರಲ್ಲಿ ಡೇನ್‌ಗಳು ಅಂದ್ರೆ ಡೆನ್ಮಾರ್ಕ್‌ನವರು 10, ಜರ್ಮನಿಯವರು ಮೂವರು, ಇಟಲಿಯವರು ಇಬ್ಬರು, ಒಬ್ಬ ಡಚ್ ಹುಡುಗ, ಒಬ್ಬಳು ಸ್ವೀಡನ್ ಹುಡುಗಿ. ಉಳಿದ ಐದು ಜನ ಹೊರಗಿನವರು, ಘಾನಾದವನೊಬ್ಬ, ನೇಪಾಳದ ಹುಡುಗಿ, ಅಮೆರಿಕದವನೊಬ್ಬ, ಕನ್ನಡದವರು ನಾವಿಬ್ಬರು. ಟ್ರಿಪ್ ನೋಡ್ಕೊಳ್ಳೋಕೆ ವಿದ್ಯಾರ್ಥಿಗಳ ಕಡೆಯಿಂದ ಇಬ್ಬರನ್ನ ಹಾಕಿದ್ರು, ಒಬ್ಬ ಡ್ಯಾನಿಶ್ ಹುಡುಗ, ಇನ್ನೊಬ್ಬಳು ನಾನು. ಹಾಸ್ಟೆಲ್ ಬುಕಿಂಗ್, ಊಟ, ಏನೇನು ತರಬೇಕು ಅನ್ನೋ ಲಿಸ್ಟ್, ಇವೆಲ್ಲ ನನ್ನ ಪಾಲಿಗೆ ಬಂದಿದ್ವು.

ಆ ಲಿಸ್ಟ್ ಹೊಸದಾಗಿ ಬರೆದಿದ್ದಲ್ಲ. ಹಿಂದಿನ ವರ್ಷದವರು ಮಾಡಿದ್ದು, ಅವರಿಗೆ ಅದಕ್ಕೂ ಹಿಂದಿನವರು ಕೊಟ್ಟಿದ್ದು. ಮೊದಲ ಸಾಲಲ್ಲಿ "ಐಡಿ" ಅಂತ ಇತ್ತು, ಆಮೇಲೆ ರೇನ್‌ಕೋಟ್, ಗಟ್ಟಿ ಶೂ, ನೀರಿನ ಬಾಟಲಿ, ಹಾಸಿಗೆ ಚಾದರ (ಅಲ್ಲಿ ಹಾಸ್ಟೆಲ್‌ಗಳಲ್ಲಿ ಚಾದರಕ್ಕೆ ಬೇರೆ ದುಡ್ಡು ಕೇಳ್ತಾರೆ, ಹಂಗಾಗಿ ಎಲ್ಲರೂ ಮನೆಯಿಂದ ಒಯ್ತಾರೆ). ನಾನು ಅದಕ್ಕೆ ಎರಡು ಸಾಲು ಸೇರಿಸ್ದೆ, ವೆಜಿಟೇರಿಯನ್‌ಗಳು ಮೊದಲೇ ಹೇಳಿ ಅಂತ ಒಂದು, ಸ್ವೀಡನ್‌ನಲ್ಲಿ ಕ್ಯಾಶ್ ತಗೊಳ್ಳದ ಅಂಗಡಿ ಜಾಸ್ತಿ ಕಾರ್ಡ್ ಇಟ್ಕೊಳಿ ಅಂತ ಇನ್ನೊಂದು. "ಐಡಿ" ಅನ್ನೋ ಪದದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದೆ. ನನ್ನ ಪಾಸ್‌ಪೋರ್ಟ್ ನನ್ನ ಜಾಕೆಟ್ ಒಳಜೇಬಲ್ಲಿ ಇರ್ತಿತ್ತು, ಅದು ಅಪ್ಪ ಕಲಿಸಿದ ಅಭ್ಯಾಸ, ಬೇರೆಯವರೂ ಹಂಗೇ ಇಟ್ಕೊಂಡಿರ್ತಾರೆ ಅಂದ್ಕೊಂಡಿದ್ದೆ. ಒಂದ್ಸಲ ಎಲ್ಲರನ್ನೂ ಕೇಳಬೇಕಿತ್ತು, ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟು ದಾಟಿದ್ಮೇಲೆ ಕೋಪನ್‌ಹೇಗನ್ ಮುಖ್ಯ ಸ್ಟೇಷನ್ನಿಂದ ರೈಲು ಹೊರಡ್ತು. ಡೆನ್ಮಾರ್ಕ್‌ಗೂ ಸ್ವೀಡನ್‌ಗೂ ಮಧ್ಯೆ ಇರೋ ಓರೆಸುಂಡ್ ಜಲಸಂಧಿ ದಾಟೋ ದಾರಿ ಬಗ್ಗೆ ಮೇಷ್ಟ್ರು ಮೊದಲೇ ಹೇಳಿದ್ರು, ಡೆನ್ಮಾರ್ಕ್ ಕಡೆ ಸುಮಾರು 4 ಕಿಲೋಮೀಟರ್ ಸಮುದ್ರದ ಕೆಳಗೆ ಸುರಂಗ, ಮಧ್ಯೆ ಇಷ್ಟೇ ಉದ್ದದ ಕೈಯಾರೆ ಮಾಡಿದ ದ್ವೀಪ, ಆಮೇಲೆ ಸ್ವೀಡನ್ ತನಕ ಸುಮಾರು 8 ಕಿಲೋಮೀಟರ್ ಸೇತುವೆ, ಮೇಲಿನ ಅಂತಸ್ತಲ್ಲಿ ಕಾರು ಕೆಳಗಿನ ಅಂತಸ್ತಲ್ಲಿ ರೈಲು. 2000ನೇ ಇಸವಿ ಜುಲೈ 1ಕ್ಕೆ ತೆರೆದಿದ್ದು. ಪೂರ್ತಿ ಸೇತುವೆನೇ ಕಟ್ಟಿದ್ರೆ ಪಕ್ಕದಲ್ಲೇ ಇರೋ ಏರ್‌ಪೋರ್ಟ್‌ಗೆ ಇಳಿಯೋ ವಿಮಾನಗಳಿಗೆ ಅದರ ಕಂಬ ಅಡ್ಡ ಬರ್ತಿತ್ತು, ಹಡಗಿನ ದಾರಿನೂ ಬಿಡಬೇಕಿತ್ತು, ಅದಕ್ಕೇ ಅರ್ಧ ಸುರಂಗ. ಎಲ್ಲರೂ ಕಿಟಕಿ ಕಡೆ ತಿರುಗಿ ಕೂತಿದ್ವಿ. ಸುರಂಗದಿಂದ ಹೊರಗೆ ಬಂದ ತಕ್ಷಣ ಬೂದಿ ಬಣ್ಣದ ನೀರು, ಗಾಳಿಯಂತ್ರಗಳ ಸಾಲು, ಸ್ವೀಡನ್ ದಡ.

ಸೇತುವೆ ಮುಗಿದ್ಮೇಲೆ ಮೊದಲ ಸ್ಟೇಷನ್ ಹಿಲ್ಲಿಯೆ. ಅಲ್ಲಿ ಸ್ವೀಡಿಶ್ ಪೊಲೀಸರು ಹತ್ತಿ ಚೆಕ್ ಮಾಡ್ತಾರೆ. ಇದು ಹಳೇ ಪದ್ಧತಿ ಅಲ್ಲ, 2015ರಲ್ಲಿ ನಿರಾಶ್ರಿತರು ದೊಡ್ಡ ಸಂಖ್ಯೆಲಿ ಬಂದಾಗ ನವೆಂಬರ್ 12ಕ್ಕೆ ಸ್ವೀಡನ್ ಷೆಂಗೆನ್ ಒಳಗಿನ ಗಡಿಗಳಲ್ಲೂ ತಪಾಸಣೆ ಶುರು ಮಾಡ್ತು, 2016ರ ಜನವರಿಯಿಂದ ಒಂದು ವರ್ಷಕ್ಕೂ ಮೇಲೆ ಡೆನ್ಮಾರ್ಕ್ ಏರ್‌ಪೋರ್ಟ್ ಸ್ಟೇಷನ್ನಲ್ಲೇ ಎಲ್ಲರೂ ಇಳಿದು ಐಡಿ ತೋರಿಸಿ ಬೇರೆ ರೈಲು ಹತ್ತಬೇಕಿತ್ತು. ಅದು 2017ಕ್ಕೆ ನಿಂತ್ರೂ ಹಿಲ್ಲಿಯೆಲಿ ಪೊಲೀಸ್ ತಪಾಸಣೆ ಉಳೀತು. ಆದ್ರೆ ದಿನಾ, ಪ್ರತಿ ರೈಲಲ್ಲಿ, ಪ್ರತಿಯೊಬ್ಬರನ್ನೂ ಕೇಳಲ್ಲ. ಕೆಲವು ಸಲ ಯಾರೂ ಹತ್ತೋದೇ ಇಲ್ಲ. ನಮ್ಮ ಹುಡುಗ ಅದಕ್ಕೆ ಮೊದಲು ಎರಡು ಸಲ ವೀಕೆಂಡಲ್ಲಿ ಮಾಲ್ಮೊಗೆ ಹೋಗಿ ಬಂದಿದ್ದ, ಎರಡು ಸಲನೂ ಯಾರೂ ಏನೂ ಕೇಳಿರಲಿಲ್ಲ.

ಅವತ್ತು ಹತ್ತಿದ್ರು. ನಾನು ಮುಂದಿನ ಬೋಗಿಲಿದ್ದೆ, ಹಂಗಾಗಿ ಮೊದಲಿನದ್ದು ನಾನು ಕಣ್ಣಾರೆ ನೋಡಲಿಲ್ಲ, ಅವನ ಪಕ್ಕ ಕೂತಿದ್ದ ಜರ್ಮನ್ ಹುಡುಗಿ ಆಮೇಲೆ ಹೇಳಿದ್ದು. ಅವಳು ತನ್ನ ದೇಶದ ಐಡಿ ಕಾರ್ಡ್ ತೋರಿಸಿದ್ಲು, ಆಯ್ತು ಅಂದ್ರು. ಎದುರಿಗಿದ್ದ ಡೇನ್ ಡ್ರೈವಿಂಗ್ ಲೈಸೆನ್ಸ್ ತೋರಿಸ್ದ, ಅದೂ ಆಯ್ತು. ಇವನು ಡ್ಯಾನಿಶ್ ರೆಸಿಡೆನ್ಸ್ ಕಾರ್ಡ್ ಕೊಟ್ಟ. ಪೊಲೀಸಮ್ಮ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿ ಪಾಸ್‌ಪೋರ್ಟ್ ಎಲ್ಲಿ ಅಂದ್ಲು. ರೂಮಲ್ಲಿದೆ ಅಂದ. ಫೋನಲ್ಲಿದ್ದ ಸ್ಕ್ಯಾನ್ ತೆಗೆದು ತೋರಿಸ್ದ. ಅವಳು ಸಮಾಧಾನವಾಗೇ ಹೇಳಿದ್ಲಂತೆ, ಈ ಕಾರ್ಡ್ ನೀನು ಡೆನ್ಮಾರ್ಕ್‌ನಲ್ಲಿ ಇರಬಹುದು ಅನ್ನುತ್ತೆ, ನಮ್ಮ ದೇಶಕ್ಕೆ ಬರೋಕೆ ಇದರ ಜೊತೆ ಪಾಸ್‌ಪೋರ್ಟ್ ಇರಬೇಕು, ಫೋಟೋ ನಡೆಯಲ್ಲ, ದಯವಿಟ್ಟು ಇಳಿ ಅಂತ. ಒಂದು ಕೂಗಾಟ ಇಲ್ಲ, ಒಂದು ಕೆಟ್ಟ ಮಾತಿಲ್ಲ. ಬೋಗಿ ತುಂಬ ನಮ್ಮ ಕ್ಲಾಸಿನವರೇ, ಎಲ್ಲರೂ ನೋಡ್ತಾ ಇದ್ದಾರೆ, ಇವನೊಬ್ಬ ಎದ್ದು ಬೆನ್ನಿನ ಚಿಕ್ಕ ಬ್ಯಾಗ್ ಎತ್ಕೊಂಡು ಇಳಿದ. ಜರ್ಮನ್ ಹುಡುಗಿಗೆ ತಾನೂ ಇಳೀಬೇಕಾ ಕೂತಿರಬೇಕಾ ಗೊತ್ತಾಗದೆ ಅರ್ಧ ಎದ್ದು ನಿಂತಿದ್ಲಂತೆ, ಅಷ್ಟರಲ್ಲಿ ಬಾಗಿಲು ಮುಚ್ಚಿತು.

ರೈಲು ಹೊರಟ ಮೇಲೆ ನನಗೆ ಫೋನ್ ಬಂತು.

"ಅಕ್ಕಾ, ನನ್ನ ಇಳಿಸಿ ಬಿಟ್ಟಾರ್ರಿ."

ಎದೆ ಧಸಕ್ ಅಂತು. ಎಲ್ಲಿ ಇಳಿಸಿದ್ರು, ಯಾಕೆ, ಏನಂದ್ರು, ಒಂದರ ಮೇಲೊಂದು ಕೇಳ್ತಾನೇ ಇದೀನಿ. ಅವನ ದನಿ ಬಹಳ ಸಣ್ಣಗಾಗಿತ್ತು, ಪಾಸ್‌ಪೋರ್ಟ್ ತಂದ್ರ ಇವತ್ತ ಬರಬಹುದು ಅಂದಾರ, ಕೇಸ್ ಗೀಸ್ ಏನಿಲ್ಲ ಅಂದಾರ, ಮುಂದಿನ ಟ್ರೇನ್‌ಗೆ ತಿರುಗಿ ಹೋಗು ಅಂದಾರ ಅಂತ ಒಂದೊಂದೇ ಹೇಳ್ದ. ಸರಿ, ಹೋಗಿ ತಗೊಂಡು ಬಾ, ಸಂಜೆ ರೈಲಿಗೆ ಟೈಮ್ ಇದೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ರೂಮಿನ ಚಾವಿ ದೊಡ್ಡ ಬ್ಯಾಗ್‌ನ್ಯಾಗ ಐತ್ರಿ ಅಕ್ಕಾ. ಬ್ಯಾಗ ನಿಮ್ಮ ಕೂಡನ ಬಂತು."

ನಿಜ, ಅವನ ದೊಡ್ಡ ಸೂಟ್‌ಕೇಸ್ ಮೇಲಿನ ಕಂಬಿ ಮೇಲೇ ಇತ್ತು. ಬೆಳಿಗ್ಗೆ ಬಾಗಿಲು ಹಾಕಿ ಚಾವಿನ ಅದರ ಸೈಡ್ ಜಿಪ್‌ಗೆ ಹಾಕಿದ್ದ.

ಮಾಲ್ಮೊ ಮುಖ್ಯ ಸ್ಟೇಷನ್ನಲ್ಲಿ ಇಳಿದು ಸಾಮಾನೆಲ್ಲ ಒಂದು ಕಡೆ ಗುಡ್ಡೆ ಹಾಕಿ ನಿಂತ್ವಿ. ಆಗ ಒಂಬತ್ತು ಗಂಟೆ. ಸ್ಟಾಕ್‌ಹೋಮ್ ರೈಲು ಮಧ್ಯಾಹ್ನ ಮೂರರ ಮೇಲೆ, ಎಲ್ಲರ ಟಿಕೆಟ್ ಒಂದೇ ಬುಕಿಂಗ್‌ನಲ್ಲಿ, ಅದನ್ನ ಬಿಟ್ರೆ ಅವನೊಬ್ಬನಿಗೆ ಬೇರೆ ಟಿಕೆಟ್ ತಗೋಬೇಕು, ಆವತ್ತಿನ ದಿನವೇ ತಗೊಳ್ಳೋ ಟಿಕೆಟ್ ರೇಟು ವಿದ್ಯಾರ್ಥಿಗೆ ಹೊರಲಾರದ್ದು. ಅವನು ಇರೋದು ಆಲ್ಬರ್ಟ್ಸ್‌ಲುಂಡ್‌ನಲ್ಲಿ, ಕೋಪನ್‌ಹೇಗನ್‌ನಿಂದ ಪಶ್ಚಿಮಕ್ಕೆ ಲೋಕಲ್ ರೈಲು ಅಂದ್ರೆ ಎಸ್-ಟೋಗ್‌ನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಅಲ್ಲಿ ನಿಂತೇ ಎಲ್ಲ ದಾರಿನೂ ಲೆಕ್ಕ ಹಾಕಿದ್ವಿ. ಹಾಸ್ಟೆಲ್ ಕೇರ್‌ಟೇಕರ್‌ನಿಂದ ಬಾಗಿಲು ತೆಗೆಸೋದು ಒಂದು ದಾರಿ, ಆದ್ರೆ ಅವರ ಫೋನ್ ಟೈಮ್ ದಿನಕ್ಕೆ ಒಂದೇ ಗಂಟೆ, ಅದು ಆಗಲೇ ಮುಗಿದಿತ್ತು. ಬೀಗ ಒಡೆಸೋನನ್ನ ಕರೆಸಿದ್ರೆ ಅವನ ಬಿಲ್ಲೇ ಇಡೀ ಟ್ರಿಪ್‌ನ ಖರ್ಚಿನಷ್ಟಾಗ್ತಿತ್ತು. ಇವನು ಟ್ರಿಪ್ ಬಿಡಲಿ ಅನ್ನೋದನ್ನ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಉಳಿದಿದ್ದು ಒಂದೇ, ಯಾರಾದ್ರೂ ಚಾವಿ ತಗೊಂಡು ವಾಪಸ್ ಹೋಗೋದು.

ದೊಡ್ಡ ಮೇಷ್ಟ್ರು ಡೇನ್, ಅರವತ್ತರ ಹತ್ರ ವಯಸ್ಸು, ನನ್ನ ಮುಖ ನೋಡಿ "ರೋಲಿ, ರೋಲಿ" ಅಂದ್ರು. ಡ್ಯಾನಿಶ್‌ನಲ್ಲಿ ಅದಕ್ಕೆ ಸಮಾಧಾನ, ಗಾಬರಿ ಬೇಡ ಅಂತ ಅರ್ಥ. ಸ್ವೀಡನ್ ಹುಡುಗಿ ಆಮೇಲೆ ಹೇಳಿದ್ಲು, ಅದೇ ಪದ ತಮ್ಮ ಭಾಷೇಲಿ ತಮಾಷೆ, ಮಜಾ ಅಂತ ಆಗುತ್ತೆ, ಆ ಹೊತ್ತಲ್ಲಿ ಕೇಳಿ ತನಗೆ ಒಂದು ಕ್ಷಣ ಬೇಜಾರಾಯ್ತು ಅಂತ. ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರು ದೇಶದವರೂ ತಮ್ಮ ತಮ್ಮ ಭಾಷೇಲೇ ಮಾತಾಡಿ ಅರ್ಥ ಮಾಡ್ಕೊಳ್ತಾರೆ ಅಂತಾರೆ, ಬಹುಪಾಲು ನಿಜ, ಆದ್ರೆ ಇಂಥ ಪದಗಳು ಮಧ್ಯೆ ಮಧ್ಯೆ ಎಡವಿಸ್ತವೆ.

ಯಾರು ಹೋಗೋದು ಅನ್ನೋದರಲ್ಲಿ ಅದೇ ಸ್ವೀಡನ್ ಹುಡುಗಿ ಮುಂದೆ ಬಂದ್ಲು, ನನಗೆ ಗಡಿಲಿ ಏನೂ ತೊಂದ್ರೆ ಇಲ್ಲ, ನಾನು ಹೋಗ್ತೀನಿ, ನೀನು ಕೋಆರ್ಡಿನೇಟರ್, ಇಲ್ಲೇ ಇರು ಅಂದ್ಲು. ಲೆಕ್ಕದ ಪ್ರಕಾರ ಅದೇ ಸರಿ. ಆದ್ರೆ ನಾನು ಫೋನಲ್ಲಿ ಅವನ ದನಿ ಕೇಳಿದ್ದೆ. ಮನೆ ಸಾಲ ಮಾಡಿ ಕಳಿಸಿದ ಹುಡುಗ, ಬಂದು ಹದಿನಾಲ್ಕು ತಿಂಗಳಾಗಿದೆ, ಈಗ ಬೇರೆ ದೇಶದ ಪ್ಲಾಟ್‌ಫಾರ್ಮ್‌ನಲ್ಲಿ ಪೊಲೀಸರ ಪಕ್ಕ ಒಬ್ಬನೇ ನಿಂತಿದಾನೆ, ಅವನ ತಲೇಲಿ ಏನೇನು ಓಡ್ತಿರುತ್ತೆ ಅಂತ ನನಗೆ ಗೊತ್ತು, ಯಾಕಂದ್ರೆ ನನ್ನ ತಲೇಲೂ ಅದೇ ಓಡೋದು. ವೀಸಾ ಮೇಲೆ ಬರೆ ಬೀಳುತ್ತಾ, ನಾಳೆ ಕೆಲಸದ ಪರ್ಮಿಟ್‌ಗೆ ಹಾಕಿದಾಗ ಇದು ಎದ್ದು ಬರುತ್ತಾ, ಅಪ್ಪನಿಗೆ ಏನು ಹೇಳೋದು. ಇದನ್ನೆಲ್ಲ ಅವನು ಇಂಗ್ಲಿಷ್‌ನಲ್ಲಿ ಯಾರ ಹತ್ರನೂ ಹೇಳ್ತಿರಲಿಲ್ಲ. ನಾನೇ ಹೋಗ್ತೀನಿ ಅಂದೆ. ಡ್ಯಾನಿಶ್ ಕೋಆರ್ಡಿನೇಟರ್ ಗುಂಪನ್ನ ನೋಡ್ಕೊಂಡ, ಮೇಷ್ಟ್ರು ಒಂದೇ ಮಾತು ಹೇಳಿದ್ರು, ಮೂರು ಗಂಟೆಗೆ ಇದೇ ಜಾಗ, ಆಗದಿದ್ರೆ ಎರಡಕ್ಕೇ ಫೋನ್ ಮಾಡು, ಆಗ ಇನ್ನೊಂದು ದಾರಿ ನೋಡೋಣ.

ಹತ್ತು ಗಂಟೆಗೆ ಕೋಪನ್‌ಹೇಗನ್ ಸ್ಟೇಷನ್ನಿನ ದೊಡ್ಡ ಹಾಲಿನ ಗಡಿಯಾರದ ಕೆಳಗೆ ಸಿಕ್ಕ. ಕೈಯಲ್ಲಿ ರೆಸಿಡೆನ್ಸ್ ಕಾರ್ಡ್ ಇನ್ನೂ ಹಿಡ್ಕೊಂಡೇ ಇದ್ದ, ಪರ್ಸ್‌ಗೆ ಹಾಕಿರಲಿಲ್ಲ, ಅದರ ಅಂಚು ಅಂಗೈಗೆ ಒತ್ತಿ ಗೆರೆ ಮೂಡಿತ್ತು. ಮೊದಲ ಮಾತು, "ನಿಮಗೂ ತ್ರಾಸ ಕೊಟ್ಟೆ ಅಕ್ಕಾ, ಮಾಲ್ಮೊ ನೋಡೂದು ತಪ್ಪಿಸಿದೆ." ಮೊದಲು ಏನಾದ್ರೂ ತಿನ್ನು ಅಂತ ಅಲ್ಲೇ ಒಂದು ದಾಲ್ಚಿನ್ನಿ ಬನ್ನು ಕಾಫಿ ಕೊಡಿಸಿದೆ, ರೈಲಿಗೆ ಆರು ನಿಮಿಷ ಇತ್ತು.

ಎಸ್-ಟೋಗ್‌ನಲ್ಲಿ ಕೂತಾಗ ಪಾಸ್‌ಪೋರ್ಟ್ ಯಾಕೆ ಬಿಟ್ಟು ಬಂದೆ ಅಂತ ಕೇಳ್ದೆ. ಬೈಯೋಕಲ್ಲ, ನಿಜವಾಗ್ಲೂ ತಿಳ್ಕೋಬೇಕಿತ್ತು. ಅವನು ಹೇಳಿದ್ದರಲ್ಲಿ ಒಂದು ಮಾತೂ ಹುಚ್ಚುತನದ್ದಲ್ಲ. ಇಲ್ಲಿಗೆ ಬಂದ ಮೊದಲ ವಾರ ಸೀನಿಯರ್‌ಗಳು ಹೇಳಿದ್ರಂತೆ, ಪಾಸ್‌ಪೋರ್ಟ್ ಕಳಕೊಂಡ್ರೆ ಹೊಸದು ಮಾಡಿಸೋ ಹೊತ್ತಿಗೆ ಹೈರಾಣಾಗ್ತೀಯ, ರೂಮಲ್ಲಿ ಬೀಗ ಹಾಕಿಡು, ಜೇಬಲ್ಲಿ ಕಾರ್ಡ್ ಸಾಕು ಅಂತ. ಡೆನ್ಮಾರ್ಕ್ ಒಳಗೆ ಆ ಮಾತು ಸರಿಯಾದ್ದೇ. ಎರಡು ಸಲ ಮಾಲ್ಮೊಗೆ ಹೋದಾಗಲೂ ಅದೇ ನಡೀತು. ಆಮೇಲೆ ನಮ್ಮ ಲಿಸ್ಟ್. "ಲಿಸ್ಟ್‌ನ್ಯಾಗ ಐಡಿ ಅಂತ ಇತ್ತಲ್ರಿ. ಐಡಿ ಅಂದ್ರ ಕಾರ್ಡ್ ಅಂದ್ಕೊಂಡೆ." ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಲಿಸ್ಟ್ ಕಳಿಸಿದ್ದು ನಾನು, ಅದು ನನ್ನ ತಪ್ಪು ಅಂತ ಅಲ್ಲೇ ಹೇಳ್ದೆ. ಅವನು ಕಿಟಕಿ ಕಡೆ ನೋಡ್ತಾ ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾರೂ ಕುಂತಿದ್ರು ಅಕ್ಕಾ, ನಾನೊಬ್ಬನ ಎದ್ದೆ" ಅಂದ. ಪಾಸ್‌ಪೋರ್ಟ್ ವಿಷಯಕ್ಕಿಂತ ಅದೇ ಅವನ ಹೊಟ್ಟೆಲಿ ಕೂತಿತ್ತು.

ರೂಮು, ಮೇಜಿನ ಡ್ರಾಯರ್, ಪ್ಲಾಸ್ಟಿಕ್ ಕವರ್ ಒಳಗೆ ಪಾಸ್‌ಪೋರ್ಟ್, ಅದರ ಜೊತೆ ಅವರಮ್ಮ ಇಟ್ಟ ಸಿದ್ಧಾರೂಢರ ಸಣ್ಣ ಫೋಟೋ. ಹನ್ನೊಂದಕ್ಕೆ ಅಲ್ಲಿದ್ವಿ, ಹನ್ನೆರಡು ದಾಟಿದ್ಮೇಲೆ ಮತ್ತೆ ಸೇತುವೆ ಮೇಲೆ, ಆ ಬೆಳಿಗ್ಗೆ ನಾನು ಸಮುದ್ರ ದಾಟಿದ್ದು ಮೂರನೇ ಸಲ. ಈ ಸಲ ಅಕ್ಕಪಕ್ಕ ಕೂತಿದ್ವಿ, ಇಬ್ಬರ ಪಾಸ್‌ಪೋರ್ಟೂ ಕಾರ್ಡೂ ಮುಂದಿನ ಮಡಚೋ ಮೇಜಿನ ಮೇಲೆ. ಹಿಲ್ಲಿಯೆಲಿ ಬೇರೆ ಪೊಲೀಸ್ ಹತ್ತಿದ, ಚಿಕ್ಕ ವಯಸ್ಸಿನವನು. ಪಾಸ್‌ಪೋರ್ಟ್ ತೆಗೆದು ನೋಡ್ದ, ಕಾರ್ಡ್ ನೋಡ್ದ, ಮುಖ ನೋಡ್ದ, "ಟಾಕ್" ಅಂತ ಥ್ಯಾಂಕ್ಸ್ ಹೇಳಿ ಮುಂದಿನ ಸೀಟಿಗೆ ಹೋದ. ಹತ್ತು ಸೆಕೆಂಡ್ ಆಗಿರಬೇಕು.

ಒಂದೂವರೆಗೆ ಗುಂಪು ಸಿಕ್ತು, ಆಗುಸ್ಟೆನ್‌ಬೊರ್ಗ್ ಬಡಾವಣೆಯಲ್ಲಿ. ಮಾಲ್ಮೊದ ಹಳೇ ಬಾಡಿಗೆ ಮನೆಗಳ ಬಡಾವಣೆ ಅದು, ಮಳೆ ಬಂದ್ರೆ ಒಳಚರಂಡಿ ಉಕ್ಕಿ ನೆಲಮಾಳಿಗೆಗಳಿಗೆ ನುಗ್ತಿತ್ತು. 1998ರಿಂದ ಅಲ್ಲಿ ಮಳೆನೀರನ್ನ ಪೈಪಿನಿಂದ ಬಿಡಿಸಿ ನೆಲದ ಮೇಲೇ ತೆರೆದ ಕಾಲುವೆಗಳಲ್ಲಿ ಹರಿಯೋ ಹಂಗೆ ಮಾಡಿದ್ರು, ಒಟ್ಟು ಸುಮಾರು 6 ಕಿಲೋಮೀಟರ್ ಕಾಲುವೆ, ಹತ್ತು ಹೊಂಡ, ಸೂರಿನ ಮೇಲೆ ಹುಲ್ಲು. ಶಾಲೆ ಅಂಗಳನ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸಿ ಕಟ್ಟಿದಾರೆ, ಬಿಸಿಲಿದ್ರೆ ಮಕ್ಕಳು ಕೂರ್ತಾರೆ, ಜೋರು ಮಳೆಗೆ ಅದೇ ನೀರು ನಿಲ್ಲೋ ಕಟ್ಟೆ ಆಗುತ್ತೆ. ಕಾಲುವೆ ತಳದಲ್ಲಿ ಒಂದು ಕಡೆ ಗೊದಮೊಟ್ಟೆ ಆಕಾರದ ಸಿಮೆಂಟ್ ಉಬ್ಬುಗಳನ್ನ ಸಾಲಾಗಿ ಕೂರಿಸಿದಾರೆ, ನೀರು ಅದಕ್ಕೆ ಬಡಿದು ನಿಧಾನ ಆಗಿ ಮುಂದೆ ಹೋಗ್ಲಿ ಅಂತ. ನಮ್ಮ ಹುಡುಗ ಬಾಗಿ ಕೂತು ಬಾಟಲಿ ನೀರನ್ನ ಅದರ ಮೇಲೆ ಸುರಿದು ನೋಡ್ದ, ಹೆಂಗೆ ಸುತ್ತಿ ಸುತ್ತಿ ಹೋಗುತ್ತೆ ಅಂತ, ಎರಡು ಬಾಟಲಿ ಖಾಲಿ ಮಾಡ್ದ, ಆಮೇಲೆ ಬಂದು ಕೂತ ಇಟಲಿ ಹುಡುಗನೂ ತನ್ನ ಬಾಟಲಿ ಕೊಟ್ಟ. ಬೆಳಿಗ್ಗೆಯಿಂದ ಅವನು ಮೊದಲ ಸಲ ಜೋರಾಗಿ ಮಾತಾಡಿದ್ದು ಆಗ. 2014ರ ಆಗಸ್ಟ್ 31ಕ್ಕೆ ಮಾಲ್ಮೊಗೆ ಕೆಲವೇ ಗಂಟೆಲಿ 100 ಮಿಲಿಮೀಟರ್ ಹತ್ರ ಮಳೆ ಬಿದ್ದಾಗ ಸುತ್ತಲ ಬಡಾವಣೆಗಳಿಗೆ ಹೋಲಿಸಿದ್ರೆ ಇಲ್ಲಿ ಹಾನಿ ಬಹಳ ಕಡಿಮೆ ಆಯ್ತಂತೆ. ನಾನು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಔಟರ್ ರಿಂಗ್ ರೋಡಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗೋ ಜನರನ್ನ ನೋಡಿದವಳು, ರಾಜಕಾಲುವೆ ಮೇಲೆ ಕಟ್ಟಡ ಕಟ್ಟಿ ಆಮೇಲೆ ನೀರನ್ನ ಬೈಯೋದನ್ನ ನೋಡಿದವಳು, ಆ ಸಣ್ಣ ಕಾಲುವೆ ಪಕ್ಕ ಒಂದು ಗಂಟೆ ಸಿಕ್ಕಿದ್ದೇ ದೊಡ್ಡದು ಅನ್ಸಿತು.

ಮುಂದಿನದ್ದು ಚೆನ್ನಾಗೇ ನಡೀತು. ಸ್ಟಾಕ್‌ಹೋಮ್‌ನಲ್ಲಿ ಹಳೇ ಕೈಗಾರಿಕೆ ಜಾಗದಲ್ಲಿ ಎದ್ದ ಹಮ್ಮರ್‌ಬಿ ಬಡಾವಣೆ, ಬಿಡುವಲ್ಲಿ ವಾಸಾ ಹಡಗಿನ ಮ್ಯೂಸಿಯಂ, 1628ರಲ್ಲಿ ಮೊದಲ ಪ್ರಯಾಣದಲ್ಲೇ ಬಂದರು ದಾಟದೆ ಮುಳುಗಿ 1961ರಲ್ಲಿ ಮೇಲೆ ಬಂದ ಹಡಗು. ಓಸ್ಲೊದಲ್ಲಿ ಒಂದು ಕಾಲಕ್ಕೆ ಪೈಪಿಗೆ ತುಂಬಿ ಮುಚ್ಚಿದ್ದ ಹಳ್ಳಗಳನ್ನ ಮತ್ತೆ ತೆರೀತಿದಾರೆ, ಅದನ್ನ ನೋಡೋಕೇ ಒಂದು ಇಡೀ ದಿನ. ಸ್ಟಾಕ್‌ಹೋಮ್‌ನಿಂದ ಓಸ್ಲೊಗೆ ರೈಲಲ್ಲಿ ಗಡಿ ಯಾವಾಗ ದಾಟಿತು ಅಂತ ಯಾರಿಗೂ ಗೊತ್ತಾಗಲಿಲ್ಲ, ಫೋನಿಗೆ ಬಂದ ಮೆಸೇಜ್ ನೋಡಿ ನಾರ್ವೆಗೆ ಬಂದ್ವಿ ಅಂತ ತಿಳೀತು. ಅಂದ್ರೂ ನಮ್ಮ ಹುಡುಗ ಪೂರ್ತಿ ದಾರಿ ಪಾಸ್‌ಪೋರ್ಟ್‌ನ ಶರ್ಟ್ ಜೇಬಲ್ಲಿಟ್ಟು ಆಗಾಗ ಮುಟ್ಟಿ ನೋಡ್ಕೊಳ್ತಿದ್ದ.

ವಾಪಸ್ ಬಂದ ಮೇಲೆ ಮೇಷ್ಟ್ರೇ ಕರೆದು ಇದರ ಬಗ್ಗೆ ಕೂತು ಮಾತಾಡೋಣ ಅಂದ್ರು, ನಾನು, ಹುಬ್ಬಳ್ಳಿ ಹುಡುಗ, ಡ್ಯಾನಿಶ್ ಕೋಆರ್ಡಿನೇಟರ್, ನಾಲ್ಕು ಜನ. ಆ ಮಾತಲ್ಲಿ ನನಗೆ ಕಂಡಿದ್ದನ್ನ ಹೇಳ್ತೀನಿ.

ನಿಯಮ ಸರಳ. ಒಂದು ಷೆಂಗೆನ್ ದೇಶದ ರೆಸಿಡೆನ್ಸ್ ಪರ್ಮಿಟ್ ಇರೋ ನಮ್ಮಂಥವರು ಬೇರೆ ಷೆಂಗೆನ್ ದೇಶಗಳಿಗೆ 180 ದಿನದಲ್ಲಿ 90 ದಿನದ ತನಕ ಹೋಗಿ ಬರಬಹುದು, ವೀಸಾ ಬೇಡ, ಆದ್ರೆ ಪರ್ಮಿಟ್ ಜೊತೆಗೆ ಚಾಲ್ತಿಲಿರೋ ಪಾಸ್‌ಪೋರ್ಟ್ ಇರಬೇಕು. ಎರಡೂ ಸೇರಿದ್ರೇನೇ ಆ ಹಕ್ಕು. ಯುರೋಪಿಯನ್ ಯೂನಿಯನ್ನಿನವರಿಗೆ ಅವರ ದೇಶದ ಐಡಿ ಕಾರ್ಡ್ ಒಂದೇ ಸಾಕು. ನಾರ್ಡಿಕ್ ದೇಶದವರಿಗೆ ಅದೂ ಬೇಕಿಲ್ಲ, ತಾನು ಆ ದೇಶದವನು ಅಂತ ತೋರಿಸೋಕಾದ್ರೆ ಆಯ್ತು, ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್‌ನವರು 1952ರಿಂದಲೇ ಒಬ್ಬರ ದೇಶಕ್ಕೊಬ್ಬರು ಪಾಸ್‌ಪೋರ್ಟ್ ಇಲ್ಲದೆ ಓಡಾಡ್ತಿದಾರೆ, ಐಸ್‌ಲ್ಯಾಂಡ್ ಆಮೇಲೆ ಸೇರ್ತು. ಐದೂ ನಾರ್ಡಿಕ್ ದೇಶಗಳು ಷೆಂಗೆನ್‌ಗೆ ಪೂರ್ತಿ ಸೇರಿದ್ದು 2001ರ ಮಾರ್ಚ್‌ನಲ್ಲಿ, ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲೇ ಆ ನಾಲ್ಕು ದೇಶದವರ ಮಧ್ಯೆ ಪಾಸ್‌ಪೋರ್ಟ್ ಕೇಳೋದು ಹೋಗಿತ್ತು. ಡ್ಯಾನಿಶ್ ಕೋಆರ್ಡಿನೇಟರ್ ಹೇಳ್ದ, ನಮ್ಮ ಅಜ್ಜಿಗೂ ಸ್ವೀಡನ್‌ಗೆ ಹೋಗೋದು ಅಂದ್ರೆ ಪೇಟೆಗೆ ಹೋದಂಗೆ ಇತ್ತು ಅಂತ. ಆ ಮನೆಯಲ್ಲಿ ಬೆಳೆದವನು ಲಿಸ್ಟ್ ಬರೆದ್ರೆ "ಐಡಿ" ಅಂತಲೇ ಬರೀತಾನೆ, ಅವನ ಮಟ್ಟಿಗೆ ಅದು ಪೂರ್ತಿ ವಾಕ್ಯ. ಅದನ್ನ ಓದಿದ 22 ಜನರಲ್ಲಿ 17 ಜನಕ್ಕೂ ಅದು ಸರಿ. ಐದು ಜನಕ್ಕೆ ತಪ್ಪು. ಆ ಐದರಲ್ಲಿ ನಾಲ್ವರ ಹತ್ರ ಹೆಂಗೋ ಪಾಸ್‌ಪೋರ್ಟ್ ಇತ್ತು, ಹಂಗಾಗಿ ಇಷ್ಟು ವರ್ಷ ಆ ತಪ್ಪು ಕಾಣದೇ ಉಳಿದಿತ್ತು ಅನ್ಸುತ್ತೆ. ಡೇನ್ ಬರೆದ, ಸರಿ. ನಾನು ಭಾರತದವಳು, ಅದನ್ನ ಓದಿ ಮುಂದೆ ಕಳಿಸ್ದೆ, ನನಗೆ ಹೊಳೀಬೇಕಿತ್ತು.

ಇನ್ನೊಂದು ವಿಷಯ ಆ ಮೀಟಿಂಗ್ ಆದ್ಮೇಲೆ ತಿಳಿದಿದ್ದು. ನೇಪಾಳದ ಹುಡುಗಿ ಬಂದು ಹೇಳಿದ್ಲು, ಅವಳ ಕಾರ್ಡ್ ಅವಧಿ ಡಿಸೆಂಬರ್‌ಗೆ ಮುಗಿಯೋದಿತ್ತು, ಟ್ರಿಪ್ ಎರಡು ತಿಂಗಳು ತಡ ಆಗಿದ್ರೆ ತಾನು ಬರೋಕಾಗ್ತಿರಲಿಲ್ಲ, ಯಾರನ್ನ ಕೇಳೋದು ಗೊತ್ತಿರಲಿಲ್ಲ ಅಂತ. ಟೈಮಿಗೆ ಮೊದಲೇ ರಿನ್ಯೂವಲ್‌ಗೆ ಅರ್ಜಿ ಹಾಕಿದ್ರೆ ಡೆನ್ಮಾರ್ಕ್‌ನಲ್ಲಿ ಇರೋಕೆ ಅಡ್ಡಿ ಇಲ್ಲ, ಆದ್ರೆ ಹೊಸ ಕಾರ್ಡ್ ಕೈಗೆ ಬರೋ ತನಕ ಅವಧಿ ಮುಗಿದ ಕಾರ್ಡ್ ಹಿಡ್ಕೊಂಡು ಸ್ವೀಡನ್‌ಗೋ ನಾರ್ವೆಗೋ ಹೋಗೋ ಧೈರ್ಯ ಮಾಡಬಾರದು. ಇದನ್ನ ಕ್ಲಾಸಲ್ಲಿ ಎಲ್ಲರೆದುರು ಕೇಳೋ ವಿಷಯ ಅಲ್ಲ. ಹಂಗಾಗಿ ಈಗ ಟ್ರಿಪ್‌ಗೆ ಎರಡು ತಿಂಗಳು ಮೊದಲೇ ಮೇಷ್ಟ್ರು ಹೊರಗಿನ ವಿದ್ಯಾರ್ಥಿಗಳನ್ನ ಒಬ್ಬೊಬ್ಬರನ್ನಾಗಿ ಕರೆದು ಕೇಳ್ತಾರೆ, ಪಾಸ್‌ಪೋರ್ಟ್ ಎಷ್ಟು ದಿನ ಇದೆ, ಕಾರ್ಡ್ ಎಷ್ಟು ದಿನ ಇದೆ, ಅರ್ಜಿ ಏನಾದ್ರೂ ಹಾಕಿದೀರಾ ಅಂತ. ಯಾರಾದ್ರೂ ಬರೋಕಾಗಲ್ಲ ಅಂದ್ರೆ ಡೆನ್ಮಾರ್ಕ್ ಒಳಗೇ ಅಷ್ಟೇ ಮಾರ್ಕ್ಸ್‌ನ ಕೆಲಸ ಕೊಡ್ತಾರೆ.

ಅವತ್ತು ಪೊಲೀಸರು ಸುಲಭವಾಗಿ ಬಿಟ್ರು ಅಂತ ಎಲ್ಲರನ್ನೂ ಯಾವಾಗ್ಲೂ ಹಂಗೇ ಬಿಡ್ತಾರೆ ಅಂದ್ಕೋಬೇಡಿ, ಕಾಗದಪತ್ರ ಇಲ್ಲದೆ ಗಡಿ ದಾಟೋದು ಎಷ್ಟಿದ್ರೂ ತಪ್ಪೇ. ಹೋಗೋ ಮುಂಚೆ ಪಾಸ್‌ಪೋರ್ಟೂ ಕಾರ್ಡೂ ಎರಡನ್ನೂ ಮೈಮೇಲೆ ಇಟ್ಕೊಳಿ, ಸೂಟ್‌ಕೇಸಲ್ಲಲ್ಲ, ರೂಮಿನ ಚಾವಿನೂ ಮೈಮೇಲೆ.

ಹೊಸ ಲಿಸ್ಟ್ ನಾನು ಬರೆದು ಕೊಟ್ಟೆ. ಮೊದಲ ಸಾಲು, "ಪಾಸ್‌ಪೋರ್ಟ್, ಎಲ್ಲರೂ." ಮುಂದಿನ ವರ್ಷದ ಕೋಆರ್ಡಿನೇಟರ್ ಒಬ್ಬ ಡ್ಯಾನಿಶ್ ಹುಡುಗಿ, ಫೋನ್ ಮಾಡಿ ಕೇಳಿದ್ಲು, ನಮಗೆ ಬೇಕಿಲ್ವಲ್ಲ, ನಮಗೂ ಯಾಕೆ ಬರೆದಿದೀರಿ ಅಂತ. ಆ ಬೋಗಿಲಿ ಒಬ್ಬನೇ ಎದ್ದು ಹೋಗಿದ್ದನ್ನ ಅವಳಿಗೆ ಹೇಳ್ದೆ, ಪೊಲೀಸ್ ಬಂದಾಗ ಎಲ್ಲರ ಕೈಲೂ ಒಂದೇ ಥರದ ಪುಸ್ತಕ ಇರಲಿ ಅಂತ ಆಸೆ, ನಿಯಮ ಅಲ್ಲ, ಬೇಡ ಅನ್ಸಿದ್ರೆ ತೆಗಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಇರ್ಲಿ ಬಿಡಿ ಅಂದ್ಲು. ಆಮೇಲೆ ಗೊತ್ತಾಯ್ತು, ಅವಳ ಪಾಸ್‌ಪೋರ್ಟ್‌ದೇ ಅವಧಿ ಮುಗಿದಿತ್ತಂತೆ, ಆ ಟ್ರಿಪ್‌ಗೋಸ್ಕರ ಹೋಗಿ ಹೊಸದು ಮಾಡಿಸ್ಕೊಂಡ್ಲು.